ಕರೆಂಟು ಹೋದರೆ ಚಿಂತೆಯಿಲ್ಲ, ಡಿಮ್ ಆದರೆ ಕಷ್ಟ

ಸೊರಬ ತಾಲ್ಲೂಕಿನ ಆನವಟ್ಟಿ ಬಸ್ ನಿಲ್ದಾಣದ ಆಚೀಚೆ ಟಿ.ವಿ., ಮಿಕ್ಸಿ, ಸೆಟ್‌ಟಾಪ್ ಬಾಕ್ಸ್ ರಿಪೇರಿ ಮಾಡುವ ಸಣ್ಣ ಅಂಗಡಿಗಳಿವೆ. ಒಂದು ಸಂಜೆ ಅಂಥದ್ದೊಂದು ಅಂಗಡಿಯ ಬೆಂಚಿನ ಮೇಲೆ ನನ್ನ ಚಾರ್ಜರ್ ಕಾಯುತ್ತ ಕೂತಿದ್ದೆ. ಹೆಂಗಸೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಸೆಟ್‌ಟಾಪ್ ಬಾಕ್ಸ್ ಸುತ್ತಿಕೊಂಡು ಬಂದರು.

"ತಮ್ಮಾ, ನಿನ್ನೆ ರಾತ್ರಿ ಕರೆಂಟು ಆಟ ಆಡ್ತಲ್ಲ, ಆಗಿಂದ ಇದು ಹಿಂಗೇ ನಿಂತದೆ. ಕಂಪನಿ ಹೆಸರು ಬರ್ತದೆ, ಮುಂದೆ ಹೋಗಂಗಿಲ್ಲ."

ಹುಡುಗ ಬಾಕ್ಸಿಗೆ ಕರೆಂಟು ಕೊಟ್ಟು ನೋಡಿದ. ಪರದೆಯ ಮೇಲೆ ಲಾಂಛನ ಮೂಡಿ ಹಾಗೇ ಕಲ್ಲಾಯಿತು. "ಕರೆಂಟು ಹೋಗಿದ್ದಕ್ಕೆ ಹಾಳಾಗಿದ್ದಲ್ಲ ಅಕ್ಕಾ. ಡಿಮ್ ಆಗಿ ಬರ್ತಾ ಹೋಗ್ತಾ ಇತ್ತಲ್ಲ, ಅದಕ್ಕೆ. ಸಾಫ್ಟ್‌ವೇರ್ ಹೊಡೀಬೇಕು," ಅಂದ.

ಎಲೆಕ್ಟ್ರಾನಿಕ್ಸ್ ಓದಿದವರಿಗೂ ಚಟ್ಟನೆ ಹೊಳೆಯದ ಸಂಗತಿಯನ್ನು ಆತ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದ. ಮೆಮೊರಿ ಚಿಪ್ಪಿಗೆ ಕತ್ತಲೆಯ ಭಯವಿಲ್ಲ, ಅದರ ವೈರಿ ಮಬ್ಬು. ಕರೆಂಟು ಪೂರ್ತಿ ಇದ್ದಾಗ ಅದು ಸರಿಯಾಗಿ ಬರೆಯುತ್ತದೆ, ಪೂರ್ತಿ ಹೋದಾಗ ಸುಮ್ಮನಿರುತ್ತದೆ. ಇವೆರಡರ ನಡುವಿನ ಅರೆಗಳಿಗೆಯಲ್ಲಿ ಮಾತ್ರ ಸುಮ್ಮನಿರಲಾರದೆ, ಸರಿಯಾಗಿ ಬರೆಯಲೂ ಆಗದೆ, ಏನನ್ನೋ ಎಲ್ಲಿಗೋ ಗೀಚಿಬಿಡುತ್ತದೆ. ಪುಟ್ಟ ಸೆಟ್‌ಟಾಪ್ ಬಾಕ್ಸಿನಿಂದ ಮತಯಂತ್ರದವರೆಗೆ, ನೆನಪು ಇಟ್ಟುಕೊಳ್ಳುವ ಯಂತ್ರಗಳ ವಿನ್ಯಾಸಕರು ಅರ್ಧ ತಲೆ ಕೆಡಿಸಿಕೊಂಡಿರುವುದು ಈ ಅರೆಗಳಿಗೆಯ ಬಗ್ಗೆಯೇ.

ದೀಪದ ಬುಡ

ಮೊದಲು ಈ ಮಬ್ಬು ಎಲ್ಲಿಂದ ಬರುತ್ತದೆ ಅನ್ನುವುದನ್ನು ನೋಡೋಣ. ಆನವಟ್ಟಿಯಿಂದ ನೆರೆಯ ಸಾಗರ ತಾಲ್ಲೂಕಿಗೆ ಹೋದರೆ ಶರಾವತಿ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಂಬಿಕೊಂಡು 1,035 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ಅಲ್ಲಿದೆ. ಕರ್ನಾಟಕದ ಬಹುಪಾಲು ಮನೆಗಳಲ್ಲಿ ಒಂದು ಕಾಲಕ್ಕೆ ಉರಿದ ದೀಪಕ್ಕೆ ಈ ನೀರೇ ಎಣ್ಣೆ. ಆದರೂ ಸೊರಬ, ಶಿಕಾರಿಪುರದ ಹಳ್ಳಿಗಳಲ್ಲಿ ಸಂಜೆ ಟ್ಯೂಬ್‌ಲೈಟು ಕಣ್ಣು ಹೊಡೆಯುತ್ತದೆ. ದೀಪದ ಬುಡದಲ್ಲಿ ಕತ್ತಲು ಎಂದು ಗೊಣಗುವುದು ಸುಲಭ. ಆದರೆ ಕಾರಣ ದೂರದ ವಿದ್ಯುದಾಗಾರದಲ್ಲಿಲ್ಲ, ಕೊನೆಯ ಒಂದು ಕಿಲೋಮೀಟರಿನ ತಂತಿಯಲ್ಲಿದೆ.

ಲೆಕ್ಕ ಹಾಕಿ ನೋಡಿ. ಐದು ಎಚ್‌ಪಿಯ ಬೋರ್ ಮೋಟಾರು ಓಡುವಾಗ ಒಂದೊಂದು ಫೇಸಿನಿಂದ ಏಳೆಂಟು ಆಂಪಿಯರ್ ಎಳೆಯುತ್ತದೆ. ನಿಂತ ಮೋಟಾರು ಹೊರಡುವಾಗ ಮಾತ್ರ ಐದಾರು ಪಟ್ಟು ಬೇಕು, ಅಂದರೆ 40 ಆಂಪಿಯರ್. ಟಿ.ಸಿ.ಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ತೋಟಕ್ಕೆ ಹೋಗುವ ಸಪೂರ ಅಲ್ಯೂಮಿನಿಯಂ ತಂತಿಗೆ ಕಿಲೋಮೀಟರಿಗೆ ಹತ್ತಿರಹತ್ತಿರ ಒಂದು ಓಮ್ ತಡೆ ಇರುತ್ತದೆ. ಎರಡನ್ನೂ ಗುಣಿಸಿದರೆ ಒರಟು ಲೆಕ್ಕದಲ್ಲಿ 40 ವೋಲ್ಟು ದಾರಿಯಲ್ಲೇ ಕರಗಿತು. ಲೈನಿನ ತುದಿಯ ಮನೆಗೆ 230ರ ಬದಲು 190 ಸಿಗುತ್ತದೆ. ಮನೆಗೆ ಕೊಡುವ ವೋಲ್ಟೇಜು ಶೇಕಡ 6ಕ್ಕಿಂತ ಹೆಚ್ಚು ಏರಿಳಿಯಬಾರದು ಎಂಬುದು ನಿಯಮ. 216ಕ್ಕಿಂತ ಕೆಳಗಿಳಿದರೆ ನಿಯಮ ಮುರಿದಂತೆ.

ಇದು ಒಂದೇ ಮೋಟಾರಿನ ಕತೆ. ನಮ್ಮ ಕಡೆ ಮೋಟಾರುಗಳಿಗೆ ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ಥ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೋ, ರಾತ್ರಿ ಎದ್ದು ಗದ್ದೆಗೆ ಹೋಗುವವರು ಯಾರು? ಕರೆಂಟು ಬಂದ ತಕ್ಷಣ ಪೆಟ್ಟಿಗೆ ತಾನೇ ಎಚ್ಚೆತ್ತು ಮೋಟಾರು ಹಚ್ಚುತ್ತದೆ. ಆದರೆ ಲೈನಿನ ಮೇಲಿರುವ ಎಲ್ಲ ಪೆಟ್ಟಿಗೆಗಳೂ ಒಟ್ಟಿಗೇ ಎಚ್ಚರಾಗುತ್ತವೆ! ಭತ್ತ, ಗೋವಿನಜೋಳ, ಶುಂಠಿ, ಅಡಿಕೆ, ಅನಾನಸ್, ಎಲ್ಲರ ಬಾಯಾರಿಕೆಯೂ ಒಂದೇ ಕ್ಷಣದಲ್ಲಿ. ಕುಸಿದ ವೋಲ್ಟೇಜಿನಲ್ಲಿ ಕೆಲವು ಮೋಟಾರು ಹೊರಡಲಾರದೆ ಟ್ರಿಪ್ ಆಗುತ್ತವೆ, ವೋಲ್ಟೇಜು ಏರುತ್ತದೆ, ಅವು ಮತ್ತೆ ಹೊರಡುತ್ತವೆ, ವೋಲ್ಟೇಜು ಮತ್ತೆ ಕುಸಿಯುತ್ತದೆ. ಆ ಅಕ್ಕ ಹೇಳಿದ 'ಕರೆಂಟಿನ ಆಟ' ಇದೇ.

10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಎಂದೊಡನೆ ರಾಜ್ಯದ ಜನಕ್ಕೆ ನೆನಪಾಗುವ ಎಸ್. ಬಂಗಾರಪ್ಪ ಆನವಟ್ಟಿ ಮಗ್ಗುಲಿನ ಕುಬಟೂರಿನವರೇ. 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದವರು. ಆ ನಿರ್ಧಾರ ಒಣಭೂಮಿಯ ರೈತನಿಗೆ ಏನು ಕೊಟ್ಟಿತು ಎನ್ನುವುದು ಬೇರೆ ದೊಡ್ಡ ಕತೆ, ನನಗೆ ಅದರ ಬಗ್ಗೆ ತಕರಾರಿಲ್ಲ. ಊರಿನ ದೀಪಕ್ಕೂ ತೋಟದ ಮೋಟಾರಿಗೂ ಬೇರೆ ಬೇರೆ ಲೈನು ಎಳೆಯುವ 'ನಿರಂತರ ಜ್ಯೋತಿ' ಬಂದ ಮೇಲೆ ಹಲವು ಹಳ್ಳಿಗಳ ಸಂಜೆ ಸುಧಾರಿಸಿದ್ದೂ ನಿಜ. ಆದರೂ ತೋಟದೊಳಗೆ ಮನೆ ಕಟ್ಟಿಕೊಂಡವರು, ಲೈನಿನ ಬಾಲದಲ್ಲಿರುವವರು ಇದ್ದೇ ಇದ್ದಾರಲ್ಲ. ಅವರ ಮನೆಯಲ್ಲೂ ಈಗ ಸ್ಮಾರ್ಟ್ ಟಿ.ವಿ. ಇದೆ, ವೈಫೈ ಪೆಟ್ಟಿಗೆ ಇದೆ, ಗೋಡೆಯ ಮೇಲೆ ಡಿಜಿಟಲ್ ಮೀಟರ್ ಇದೆ. ಒಂದೊಂದರ ಹೊಟ್ಟೆಯಲ್ಲೂ ಮೆಮೊರಿ ಇದೆ.

ಸೋರುವ ಬಿಂದಿಗೆ

ಮೆಮೊರಿಗೆ ಕರೆಂಟಿನ ಹಂಗು ಯಾವಾಗಲೂ ಇತ್ತು ಎಂದೇನಿಲ್ಲ. 1950, 60ರ ದಶಕಗಳ ಕಂಪ್ಯೂಟರುಗಳಲ್ಲಿ ಸಾಸಿವೆಗಾತ್ರದ ಕಾಂತದ ಬಳೆಗಳನ್ನು ತಂತಿಯಲ್ಲಿ ಪೋಣಿಸಿ ಮೆಮೊರಿ ಮಾಡುತ್ತಿದ್ದರು. 'ಕೋರ್' ಎಂದು ಅದರ ಹೆಸರು. ಬಳೆಯ ಕಾಂತ ಯಾವ ದಿಕ್ಕಿಗೆ ತಿರುಗಿದೆ ಎನ್ನುವುದೇ ಸೊನ್ನೆ ಅಥವಾ ಒಂದು. ಕರೆಂಟು ಹೋದರೂ ಕಾಂತ ತಿರುಗಿದಂತೆಯೇ ಇರುತ್ತಿತ್ತು. ಆದರೆ ಅದನ್ನು ಹೆಣೆಯಲು ಸೂಜಿಗಣ್ಣಿನ ಕೆಲಸಗಾರರು ಬೇಕು, ಜಾಗ ಬೇಕು, ದುಡ್ಡು ಬೇಕು.

ಐಬಿಎಂನಲ್ಲಿದ್ದ ರಾಬರ್ಟ್ ಡೆನ್ನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಉಪಾಯ ಇದನ್ನೆಲ್ಲ ಮೂಲೆಗೆ ಸರಿಸಿತು. ಒಂದು ಟ್ರಾನ್ಸಿಸ್ಟರು, ಒಂದು ಪುಟ್ಟ ಕಪಾಸಿಟರು, ಅಷ್ಟೇ. ಕಪಾಸಿಟರು ಅಂದರೆ ವಿದ್ಯುತ್ತಿನ ಬಿಂದಿಗೆ. ತುಂಬಿದ್ದರೆ ಒಂದು, ಖಾಲಿ ಇದ್ದರೆ ಸೊನ್ನೆ. ಇಂಟೆಲ್ ಕಂಪನಿಯ 1103 ಎಂಬ ಚಿಪ್ಪು 1970ರಲ್ಲಿ ಹೀಗೆ ಬಿಂದಿಗೆಯಲ್ಲಿ ನೆನಪಿಡುವ ಮೆಮೊರಿಯನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿದ್ದದ್ದು 1,024 ಬಿಂದಿಗೆ. ಇವತ್ತು 8 ಜಿಬಿ ರ್‍ಯಾಮ್ ಇರುವ ಸಾಧಾರಣ ಮೊಬೈಲಿನಲ್ಲಿ ಇರುವುದು ಸುಮಾರು 6,900 ಕೋಟಿ.

ತೊಂದರೆಯೆಂದರೆ ಈ ಬಿಂದಿಗೆ ಸೋರುತ್ತದೆ. ಒಂದೊಂದರಲ್ಲಿ ಲಕ್ಷದ ಆಸುಪಾಸಿನ ಎಲೆಕ್ಟ್ರಾನುಗಳು ಮಾತ್ರ. ಕೇಳಲು ದೊಡ್ಡ ಸಂಖ್ಯೆ ಅನ್ನಿಸಬಹುದು, ವಿದ್ಯುತ್ತಿನ ಲೆಕ್ಕದಲ್ಲಿ ಅದು ಇಬ್ಬನಿಯ ಹನಿಗಿಂತ ಕಡಿಮೆ. ಸೋರಿ ಮುಗಿಯುವ ಮೊದಲೇ ಒಮ್ಮೆ ನೋಡಿ, ತುಂಬಿತ್ತೆಂದು ಕಂಡದ್ದನ್ನು ಮತ್ತೆ ತುಂಬಿಸಬೇಕು. ಪ್ರತಿ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಹದಿನೈದು ಹದಿನಾರು ಸಲ, ಎಲ್ಲ ಬಿಂದಿಗೆಗಳ ಸುತ್ತು ಹೊಡೆಯುವುದೇ ಚಿಪ್ಪಿನ ನಿತ್ಯಕರ್ಮ. ನೀವು ವಾಟ್ಸಾಪಿನಲ್ಲಿ ಬಂದ ಫೋಟೊ ನೋಡುತ್ತ ಸುಮ್ಮನೆ ಕೂತಿರುವಾಗಲೂ ಆ ಫೋಟೊ ಒಳಗೆ ನಿರಂತರ ಅಳಿಸಿಹೋಗುತ್ತಿದೆ, ನಿರಂತರ ಮರುಬರಹವಾಗುತ್ತಿದೆ.

ವೋಲ್ಟೇಜಿನ ಹದ ಬರುವುದು ಇಲ್ಲಿ. ಬಿಂದಿಗೆ ತುಂಬಿದೆಯೋ ಇಲ್ಲವೋ ಎಂದು ನೋಡುವ ಮಂಡಲವು ಬಿಂದಿಗೆಯ ನೀರನ್ನು ಒಂದು ಉದ್ದನೆಯ ಕಾಲುವೆಗೆ ಬಿಡುತ್ತದೆ. ಕಾಲುವೆಯಲ್ಲಿ ಮೊದಲೇ ಅರ್ಧಮಟ್ಟಕ್ಕೆ ನೀರು ನಿಲ್ಲಿಸಿರುತ್ತಾರೆ. ತುಂಬಿದ ಬಿಂದಿಗೆಯಾದರೆ ಮಟ್ಟ ಒಂದು ಕೂದಲೆಳೆ ಏರುತ್ತದೆ, ಖಾಲಿಯಾದರೆ ಕೂದಲೆಳೆ ಇಳಿಯುತ್ತದೆ. ಆ ಕೂದಲೆಳೆ ಅಂದರೆ ಹೆಚ್ಚೆಂದರೆ ಒಂದು ವೋಲ್ಟಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಈಗ ಪೂರೈಕೆಯ ವೋಲ್ಟೇಜೇ ಅಷ್ಟು ತುಯ್ದಾಡಿದರೆ? ಏರಿದ್ದು ಬಿಂದಿಗೆಯಿಂದಲೋ ಗಾಳಿಯಿಂದಲೋ ಎಂದು ಹೇಳುವವರಾರು? ಇನ್ನೊಂದು ಕಷ್ಟವೂ ಇದೆ. ವೋಲ್ಟೇಜು ಕಡಿಮೆಯಿದ್ದಾಗ ಮರುತುಂಬಿದ ಬಿಂದಿಗೆ ಅರೆ ತುಂಬುತ್ತದೆ, ಹಾಗಾಗಿ ಮುಂದಿನ ಸುತ್ತಿಗೆ ಮುಂಚೆಯೇ ಬತ್ತಿ 'ಒಂದು' ಇದ್ದದ್ದು 'ಸೊನ್ನೆ'ಯಾಗಿಬಿಡಬಹುದು.

ಆದ್ದರಿಂದಲೇ ಚಿಪ್ಪಿನ ನಿಯಮ ಬಿಗಿ. ಹಳೆಯ ಎಸ್‌ಡಿರ್‍ಯಾಮಿಗೆ 3.3 ವೋಲ್ಟ್ ಬೇಕಿತ್ತು. ಡಿಡಿಆರ್ ಎಂಬ ಹೊಸ ತಲೆಮಾರು ಬಂದಾಗ 2.5, ಡಿಡಿಆರ್2ಗೆ 1.8, ಡಿಡಿಆರ್3ಗೆ 1.5, ಡಿಡಿಆರ್4ಕ್ಕೆ 1.2, ಈಗಿನ ಡಿಡಿಆರ್5ಕ್ಕೆ 1.1. ಬಿಸಿಯಾಗುವುದು, ಬ್ಯಾಟರಿ ತಿನ್ನುವುದು ಕಡಿಮೆಯಾಗಲಿ ಎಂದು ಪ್ರತಿ ತಲೆಮಾರಿನಲ್ಲೂ ವೋಲ್ಟೇಜು ಇಳಿಸುತ್ತ ಬಂದರು. ಡಿಡಿಆರ್4ರಲ್ಲಿ 1.2 ವೋಲ್ಟು 1.14ಕ್ಕಿಂತ ಇಳಿಯಬಾರದು, 1.26 ದಾಟಬಾರದು. ಶೇಕಡ 5ರ ಅವಕಾಶ. ಮನೆಗೆ ಬರುವ ಕರೆಂಟಿಗೆ ಸರ್ಕಾರ ಕೊಟ್ಟ ಶೇಕಡ 6ಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲವಲ್ಲ ಅನ್ನಿಸಬಹುದು. ಆದರೆ 230ರಲ್ಲಿ ಶೇಕಡ 5 ಅಂದರೆ ಹನ್ನೊಂದೂವರೆ ವೋಲ್ಟು, 1.2ರಲ್ಲಿ ಅದು ವೋಲ್ಟಿನ ನೂರರ ಆರು ಪಾಲು. ಮೊದಲನೆಯದನ್ನು ತೋಟದ ಮನೆಗೆ ಕೊಡುವುದೇ ಕಷ್ಟವಾಗಿರುವಾಗ ಎರಡನೆಯದು ಅದೇ ಮನೆಯ ಲ್ಯಾಪ್‌ಟಾಪಿನಲ್ಲಿ ಹಗಲೂ ರಾತ್ರಿ ನಡೆಯುತ್ತಿದೆ. ಹೇಗೆ?

ಕೆರೆ, ಕಟ್ಟೆ, ಹೊಂಡ

ಸೊರಬ ಕೆರೆಗಳ ತಾಲ್ಲೂಕು. ಇಲ್ಲಿನವರಿಗೆ ಈ ಉತ್ತರವನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಒಂದೇ ಸಮನೆ ಬರುವುದಿಲ್ಲ, ಆದರೆ ಗದ್ದೆಗೆ ಒಂದೇ ಸಮನೆ ನೀರು ಬೇಕು. ಮೇಲೆ ದೊಡ್ಡ ಕೆರೆ, ಅದರ ತೂಬಿನಿಂದ ಕಾಲುವೆ, ಕಾಲುವೆಯ ಕೆಳಗೆ ಸಣ್ಣ ಕಟ್ಟೆ, ಗದ್ದೆಯ ಪಕ್ಕದಲ್ಲೇ ಒಂದು ಹೊಂಡ. ದೊಡ್ಡ ಕೆರೆಯಲ್ಲಿ ನೀರು ಜಾಸ್ತಿ, ಆದರೆ ತೂಬು ಎತ್ತಿದ ಮೇಲೆ ನೀರು ಗದ್ದೆ ಮುಟ್ಟಲು ಹೊತ್ತು ಬೇಕು. ಹೊಂಡದಲ್ಲಿ ನೀರು ಸ್ವಲ್ಪ, ಆದರೆ ಬೊಗಸೆ ಹಾಕಿದರೆ ಸಿಗುತ್ತದೆ.

ಕಂಪ್ಯೂಟರಿನ ಒಳಗೂ ಇದೇ ಏರ್ಪಾಡು. ಗೋಡೆಯ ಪ್ಲಗ್ಗಿನಿಂದ ಬಂದ ಕರೆಂಟನ್ನು ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಪೆಟ್ಟಿಗೆ ಮೊದಲು ಒಂದು ದಪ್ಪ ಕಪಾಸಿಟರಿನಲ್ಲಿ ತುಂಬಿಸಿಕೊಳ್ಳುತ್ತದೆ. ಅದು ದೊಡ್ಡ ಕೆರೆ. ಗೋಡೆಯಲ್ಲಿ ಕರೆಂಟು ಸತ್ತ ಮೇಲೂ ಸುಮಾರು 16 ಮಿಲಿಸೆಕೆಂಡು ಈ ಕೆರೆಯ ನೀರಿನಲ್ಲಿ ಯಂತ್ರ ನಡೆಯುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಉಯ್ಯಾಲೆಯಾಡುವಂಥದು, ಒಂದು ಜೀಕು ಅಂದರೆ 20 ಮಿಲಿಸೆಕೆಂಡು. ಹಾಗಾಗಿ ಕೆರೆ ಒಂದು ಜೀಕಿಗೂ ಪೂರ್ತಿ ಸಾಲದು! ಯುಪಿಎಸ್ 'ಟಕ್' ಎಂದು ಬ್ಯಾಟರಿಗೆ ಹಾರಿಕೊಳ್ಳಲು ಸಿಗುವ ಸಮಯ ಅಷ್ಟೇ.

ಅಲ್ಲಿಂದ 12 ವೋಲ್ಟಾಗಿ ಹೊರಟ ಕರೆಂಟನ್ನು ಮದರ್‌ಬೋರ್ಡಿನ ರೆಗ್ಯುಲೇಟರುಗಳು 1.2, 1.1ಕ್ಕೆ ಇಳಿಸುತ್ತವೆ. ಇವು ತೂಬಿನ ಕಾವಲುಗಾರರು. ಹೊರಗೆ ಹೋಗುತ್ತಿರುವ ವೋಲ್ಟೇಜನ್ನು ತಮ್ಮ ಬಳಿಯ ಅಳತೆಗೋಲಿನೊಂದಿಗೆ ಸದಾ ಹೋಲಿಸುತ್ತಾ, ಇಳಿದರೆ ತೂಬನ್ನು ಸ್ವಲ್ಪ ಹಿಗ್ಗಿಸಿ, ಏರಿದರೆ ಕುಗ್ಗಿಸುತ್ತಾ ಇರುತ್ತವೆ. ಇದನ್ನು ಸೆಕೆಂಡಿಗೆ ಲಕ್ಷಾಂತರ ಸಲ ಮಾಡುತ್ತವೆ. ಡಿಡಿಆರ್5ರಲ್ಲಿ ಈ ಕಾವಲುಗಾರನನ್ನು ಮದರ್‌ಬೋರ್ಡಿನಿಂದ ಎತ್ತಿ ರ್‍ಯಾಮ್ ಪಟ್ಟಿಯ ಮೇಲೆಯೇ ತಂದು ಕೂರಿಸಿದ್ದಾರೆ. ವೋಲ್ಟೇಜು ಇಷ್ಟು ಕಡಿಮೆಯಾದ ಮೇಲೆ ಕಾಲುವೆ ಉದ್ದವಿದ್ದರೆ ದಾರಿಯಲ್ಲೇ ಸೋರಿಹೋಗುತ್ತದೆ. ತೋಟದ ಲೈನಿನ ಲೆಕ್ಕವೇ ಇಲ್ಲೂ. ನಾವು ಟಿ.ಸಿ.ಯನ್ನು ತೋಟದ ಹತ್ತಿರ ಹಾಕಿಸಿಕೊಡಿ ಎಂದು ಅರ್ಜಿ ಕೊಡುವುದಕ್ಕೂ ಇದಕ್ಕೂ ತತ್ವದಲ್ಲಿ ಏನೂ ಭೇದವಿಲ್ಲ.

ಕೊನೆಯದು ಹೊಂಡ. ಯಾವುದೇ ಹಳೆಯ ಬೋರ್ಡು ತೆರೆದು ನೋಡಿ, ಚಿಪ್ಪಿನ ಕಾಲಿನ ಪಕ್ಕದಲ್ಲೇ ಅಕ್ಕಿಕಾಳಿಗಿಂತ ಚಿಕ್ಕದಾದ ಕಂದು ತುಣುಕುಗಳು ಅಂಟಿಕೊಂಡಿರುತ್ತವೆ. ಇನ್ನೂ ಹಳೆಯದಾದರೆ '104' ಎಂದು ಬರೆದ ಮಣ್ಣುಬಣ್ಣದ ಬಿಲ್ಲೆ. ಅದು 0.1 ಮೈಕ್ರೋಫ್ಯಾರಡ್ ಕಪಾಸಿಟರು. ರಿಪೇರಿಯವರ ಭಾಷೆಯಲ್ಲಿ ಕಂಡೆನ್ಸರ್. ಇದು ಯಾಕೆ ಚಿಪ್ಪಿಗೆ ತಾಗಿಕೊಂಡೇ ಇರಬೇಕು? ಒಂದು ಸೆಂಟಿಮೀಟರ್ ತಾಮ್ರದ ಗೆರೆಗೂ ಒಂದು ಜಡತ್ವ ಇದೆ, ಹಠಾತ್ತನೆ ಕರೆಂಟು ಹರಿಸು ಎಂದರೆ ಅದು ಹಿಂದೇಟು ಹಾಕುತ್ತದೆ. ಚಿಪ್ಪು ಒಂದು ನ್ಯಾನೊಸೆಕೆಂಡಿನಲ್ಲಿ 0.1 ಆಂಪಿಯರ್ ಹೆಚ್ಚು ಬೇಕೆಂದರೆ ಆ ಒಂದು ಸೆಂಟಿಮೀಟರಿನಲ್ಲೇ ಸುಮಾರು 1 ವೋಲ್ಟು ಬಿದ್ದುಹೋಗುತ್ತದೆ. ಇದ್ದದ್ದೇ 1.2. ಉಳಿದದ್ದೇನು? ಅದಕ್ಕೇ ಕೈಗೆಟುಕುವ ಹೊಂಡ ಬೇಕು. ಪೈಸೆಗಳ ಬೆಲೆಯ ಈ ಬಿಲ್ಲೆಯನ್ನು ಸಾವಿರಾರು ರೂಪಾಯಿಯ ಚಿಪ್ಪು ನಂಬಿಕೊಂಡಿದೆ.

ಹೂಳು ತುಂಬಿದ ಕೆರೆಯೂ ಇದೆ. ಎಸ್‌ಎಂಪಿಎಸ್ಸಿನ ದಪ್ಪ ಕಪಾಸಿಟರಿನ ಒಳಗೆ ದ್ರವ ಇರುತ್ತದೆ. ಶಾಖ ಹತ್ತು ಡಿಗ್ರಿ ಏರಿದಂತೆ ಅದರ ಆಯಸ್ಸು ಅರ್ಧಕ್ಕಿಳಿಯುತ್ತದೆ. ಒಣಗಿದ್ದು ನೆತ್ತಿ ಉಬ್ಬಿಸಿಕೊಂಡು ನಿಲ್ಲುತ್ತದೆ. "ಕಂಡೆನ್ಸರ್ ಉಬ್ಬಿದೆ" ಎಂದು ರಿಪೇರಿಯವನು ಹೇಳಿದರೆ ನಿಮ್ಮ ಯಂತ್ರದ ಕೆರೆಯ ಏರಿ ಇದೆ, ನೀರಿಲ್ಲ ಎಂದು ತಿಳಿಯಬೇಕು. ಹಾಗಾಗಿಯೇ ಹತ್ತು ವರ್ಷ ಸರಿಯಾಗಿದ್ದ ಕಂಪ್ಯೂಟರು ಇದ್ದಕ್ಕಿದ್ದಂತೆ ಪ್ರತಿ ಮಿಣುಕಿಗೂ ರೀಸ್ಟಾರ್ಟ್ ಆಗತೊಡಗುತ್ತದೆ. ಕರೆಂಟನ್ನು ಬೈಯುತ್ತೇವೆ, ತಪ್ಪು ಅದರದ್ದಲ್ಲ.

ಸ್ಲೇಟು ಒರೆಸಿದ ಮೇಲೆ

ರ್‍ಯಾಮಿನ ಕತೆ ಒಂದು ರೀತಿಯಲ್ಲಿ ಸರಳ. ಕೆಟ್ಟರೆ ಯಂತ್ರ ಮತ್ತೆ ಹಚ್ಚಿದರಾಯಿತು. ಆ ಅಕ್ಕನ ಸೆಟ್‌ಟಾಪ್ ಬಾಕ್ಸ್ ಎರಡು ಸಲ ಆರಿಸಿ ಹಚ್ಚಿದರೂ ಸರಿಯಾಗಲಿಲ್ಲ, ಯಾಕೆಂದರೆ ಕೆಟ್ಟದ್ದು ಕರೆಂಟಿಲ್ಲದೆಯೂ ನೆನಪಿಡುವ ಫ್ಲ್ಯಾಶ್ ಮೆಮೊರಿ. ತೋಷಿಬಾ ಕಂಪನಿಯ ಫುಜಿಯೊ ಮಸುವೊಕಾ 1984ರಲ್ಲಿ ಲೋಕಕ್ಕೆ ತೋರಿಸಿದ ತಂತ್ರ ಇದು. ಪೆನ್‌ಡ್ರೈವು, ಮೊಬೈಲು, ಮೆಮೊರಿ ಕಾರ್ಡು ಎಲ್ಲದರಲ್ಲೂ ಇರುವುದು ಇದೇ. ಇಲ್ಲಿ ಬಿಂದಿಗೆಯ ಸುತ್ತ ಗಾಜಿನಂಥ ಗೋಡೆ ಇದೆ, ವರ್ಷಗಟ್ಟಲೆ ಸೋರುವುದಿಲ್ಲ. ಆದರೆ ಸೋರದ ಗೋಡೆಯ ಮೂಲಕ ತುಂಬಿಸುವುದು ಹೇಗೆ? ಬಲವಾಗಿ ನೂಕಬೇಕು. ಹೊರಗಿನಿಂದ ಸಿಗುವುದು 3.3 ವೋಲ್ಟು, ಪೆನ್‌ಡ್ರೈವಿನಲ್ಲಿರುವಂಥ ಫ್ಲ್ಯಾಶ್‌ಗೆ ಬರೆಯಲು ಬೇಕಾದದ್ದು 20ರ ಹತ್ತಿರ. ಅದಕ್ಕೆ ಚಿಪ್ಪಿನೊಳಗೇ ಒಂದು ಏತ ಇದೆ. ಒಂದು ಕಪಾಸಿಟರಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಮೆಟ್ಟಿಲುಮೆಟ್ಟಿಲಾಗಿ ವೋಲ್ಟೇಜನ್ನು ಎತ್ತಿಕೊಳ್ಳುತ್ತದೆ. ಕೆಳಗಿನ ಬಾವಿಯಲ್ಲೇ ನೀರು ತಗ್ಗಿದರೆ ಏತ ಎಷ್ಟು ತುಳಿದರೂ ಮೇಲಿನ ತೊಟ್ಟಿ ತುಂಬುವುದಿಲ್ಲ.

ಇನ್ನೊಂದು ತೊಡಕಿದೆ. ಸೆಟ್‌ಟಾಪ್ ಬಾಕ್ಸಿನಲ್ಲಿರುವಂಥ ಫ್ಲ್ಯಾಶಿನಲ್ಲಿ ಒಂದು ಅಕ್ಷರ ತಿದ್ದಬೇಕೆಂದರೂ ಇಡೀ ಒಂದು ಪುಟವನ್ನೇ ಒರೆಸಬೇಕು, ಅದೂ ಕಡಿಮೆಯೆಂದರೆ ನಾಲ್ಕು ಸಾವಿರ ಅಕ್ಷರಗಳ ಪುಟ. ಒರೆಸಲು ಹತ್ತಾರು ಮಿಲಿಸೆಕೆಂಡು, ಆಮೇಲೆ ಬರೆಯಲು ಮತ್ತಷ್ಟು. ಸ್ಲೇಟು ಒರೆಸಿ ಆಗಿದೆ, ಬಳಪ ಕೈಯಲ್ಲಿದೆ, ಅಷ್ಟರಲ್ಲಿ ಮೋಟಾರುಗಳು ಎಚ್ಚರಗೊಂಡವು. ಹಳೆಯದು ಹೋಯಿತು, ಹೊಸದು ಬರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು. ವೋಲ್ಟೇಜು ಕುಸಿಯುವಾಗ ಚಿಪ್ಪಿನ ಎಲ್ಲ ಭಾಗಗಳೂ ಒಟ್ಟಿಗೇ ನಿಲ್ಲುವುದಿಲ್ಲ. ಬರೆಯುವ ಕೈ ಇನ್ನೂ ಆಡುತ್ತಿರುತ್ತದೆ, ಲೆಕ್ಕ ಮಾಡುವ ತಲೆ ಮಾತ್ರ ತಪ್ಪತೊಡಗಿರುತ್ತದೆ. ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆಂದು ತರುವ ಆರ್ಡ್ವಿನೊ ಬೋರ್ಡಿನಲ್ಲಿ ಎಟಿಮೆಗಾ328 ಎಂಬ ಚಿಪ್ಪಿದೆ. ಅದರ ಕೈಪಿಡಿಯಲ್ಲೇ ಈ ಎಚ್ಚರಿಕೆ ಇದೆ. ವೋಲ್ಟೇಜು ತೀರ ಕಡಿಮೆಯಾದರೆ ಮೆಮೊರಿ ಎರಡು ರೀತಿ ಕೆಡಬಹುದು. ಒಂದು, ಬರೆಯಲು ಬೇಕಾದ ಬಲ ಸಾಲದೆ. ಎರಡು, ಪ್ರೊಸೆಸರೇ ತಪ್ಪು ಆಜ್ಞೆ ನಡೆಸಿ. ಕುಡಿದವನ ಕೈಗೆ ಖಾತೆಪುಸ್ತಕ ಕೊಟ್ಟ ಹಾಗೆ. ಪೂರ್ತಿ ಮಲಗಿದ್ದರೆ ಚಿಂತೆಯಿರಲಿಲ್ಲ, ತೂಗಾಡುತ್ತ ಬರೆಯತೊಡಗಿದರೆ ಯಾವ ಪುಟದಲ್ಲಿ ಏನಿರುತ್ತದೋ.

ಪರಿಹಾರವಾಗಿ ಆ ಚಿಪ್ಪಿನೊಳಗೇ ಒಬ್ಬ ಕಾವಲುಗಾರ ಇದ್ದಾನೆ. 1.8, 2.7, 4.3 ವೋಲ್ಟು, ಈ ಮೂರರಲ್ಲಿ ಒಂದು ಗೆರೆಯನ್ನು ನಾವು ಆರಿಸಿಕೊಡಬೇಕು. ಅದಕ್ಕಿಂತ ಇಳಿದರೆ ಆತ ಪ್ರೊಸೆಸರಿನ ಕತ್ತು ಹಿಡಿದು ಕೂರಿಸಿಬಿಡುತ್ತಾನೆ. ವೋಲ್ಟೇಜು ಗೆರೆಗಿಂತ ಸ್ವಲ್ಪ ಮೇಲೇರಿ ನಿಂತ ಮೇಲಷ್ಟೇ ಬಿಡುಗಡೆ. 'ಸ್ವಲ್ಪ ಮೇಲೆ' ಎನ್ನುವುದು ಮುಖ್ಯ. ಅದೇ ಗೆರೆಗೇ ಬಿಟ್ಟರೆ ನಮ್ಮ ಆಟೋ ಸ್ಟಾರ್ಟರುಗಳ ಹಾಗೆ ಏಳು, ಬೀಳು, ಏಳು, ಬೀಳು.

ಗೋಡೆಯ ಮೇಲಿನ ಡಿಜಿಟಲ್ ಮೀಟರು ಈ ವಿಷಯದಲ್ಲಿ ಜಾಣ. ಅದು ಯೂನಿಟ್ ಲೆಕ್ಕವನ್ನು ಒಳಗೆ ಬರೆದಿಟ್ಟುಕೊಳ್ಳಬೇಕು, ಮತ್ತು ಕರೆಂಟು ಹೋಗುವ ಗಳಿಗೆಯಲ್ಲೇ ಕೊನೆಯ ಸಂಖ್ಯೆ ಬರೆಯಬೇಕು. ಆದ್ದರಿಂದ ವೋಲ್ಟೇಜು ಇಳಿಯತೊಡಗಿದ್ದನ್ನು ಮೊದಲೇ ಗ್ರಹಿಸಿ, ಉಳಿದೆಲ್ಲ ಕೆಲಸ ಬಿಟ್ಟು, ಹೊಂಡದಲ್ಲಿ ಉಳಿದ ನೀರಿನಲ್ಲೇ ಲೆಕ್ಕ ಬರೆದು ಕಣ್ಣು ಮುಚ್ಚುವಂತೆ ಇಂಥ ಯಂತ್ರಗಳನ್ನು ಕಟ್ಟುತ್ತಾರೆ. ಎಷ್ಟು ನೀರು ಬೇಕು? 1,000 ಮೈಕ್ರೋಫ್ಯಾರಡ್ಡಿನ ಒಂದು ಸಾಧಾರಣ ಕಪಾಸಿಟರು 12 ವೋಲ್ಟಿನಿಂದ 5ಕ್ಕೆ ಇಳಿಯುವವರೆಗೆ 10 ಮಿಲಿಆಂಪಿಯರ್ ಕೊಡುತ್ತಾ ಹೋದರೆ 0.7 ಸೆಕೆಂಡು ಸಿಗುತ್ತದೆ. ಇಂಥ ಮೀಟರಿನ ಮೆಮೊರಿಗೆ ಒಂದು ಸಲ ಬರೆಯಲು ಬೇಕಾದದ್ದು 5 ಮಿಲಿಸೆಕೆಂಡು. ಒಂದಲ್ಲ, ನೂರಕ್ಕೂ ಹೆಚ್ಚು ಸಲ ಬರೆಯಬಹುದು. ಹತ್ತು ರೂಪಾಯಿಯೊಳಗಿನ ಕಪಾಸಿಟರು. ಸೆಟ್‌ಟಾಪ್ ಬಾಕ್ಸುಗಳನ್ನೂ ಇಷ್ಟೇ ಮುತುವರ್ಜಿಯಿಂದ ಮಾಡಬಹುದಿತ್ತಲ್ಲವೇ ಎಂದು ಯಾರಾದರೂ ಕೇಳಿದರೆ ನಾನು ತಲೆಯಾಡಿಸುತ್ತೇನೆ. ಬಿಲ್ಲಿನ ಲೆಕ್ಕ ತಪ್ಪಿದರೆ ಕೇಳುವವರಿದ್ದಾರೆ, ಧಾರಾವಾಹಿ ತಪ್ಪಿದರೆ ನಾವೇ ಮತ್ತೊಂದು ಬಾಕ್ಸು ಕೊಳ್ಳುತ್ತೇವೆ.

ಜಾಲಹಳ್ಳಿಯ ಪೆಟ್ಟಿಗೆ

ಮೆಮೊರಿ ತಪ್ಪಲೇಬಾರದ ಪೆಟ್ಟಿಗೆಯೊಂದು ನಮ್ಮಲ್ಲೇ ತಯಾರಾಗುತ್ತದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, ಮತ್ತು ಹೈದರಾಬಾದಿನ ಇಸಿಐಎಲ್, ಈ ಎರಡೇ ಸಂಸ್ಥೆಗಳು ದೇಶದ ಮತಯಂತ್ರಗಳನ್ನು ಮಾಡುವುದು. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲ ಬಳಕೆ, 2004ರ ಲೋಕಸಭಾ ಚುನಾವಣೆಯಲ್ಲಿ ಇಡೀ ದೇಶಕ್ಕೆ. ಗೋಡೆಯ ಕರೆಂಟು ನಂಬಲಾಗದ ದೇಶದಲ್ಲಿ ಇದರ ವಿನ್ಯಾಸಕರು ತೆಗೆದುಕೊಂಡ ಒಂದು ತೀರ್ಮಾನ ಗೋಡೆಗೆ ಚುಚ್ಚುವ ಪ್ಲಗ್ಗೇ ಬೇಡ ಎಂಬುದು. ಆನವಟ್ಟಿಯ ಶಾಲೆಯ ಮತಗಟ್ಟೆಯಲ್ಲಿ ಕರೆಂಟಿದ್ದರೂ ಇಲ್ಲದಿದ್ದರೂ ಯಂತ್ರಕ್ಕೆ ತನ್ನದೇ 7.5 ವೋಲ್ಟಿನ ಆಲ್ಕಲೈನ್ ಬ್ಯಾಟರಿ. ಮತ ಚೀಟಿ ಮುದ್ರಿಸಿ ತೋರಿಸುವ ವಿವಿಪ್ಯಾಟಿಗೆ ಒಳಗೆ ಮೋಟಾರು, ಶಾಖದ ಮುದ್ರಕ ಇರುವುದರಿಂದ ಬೇರೆಯೇ 22.5 ವೋಲ್ಟಿನ ಬ್ಯಾಟರಿ. ಎರಡನ್ನೂ ಬೇರೆ ಇಟ್ಟದ್ದರಲ್ಲಿ ಒಂದು ವಿವೇಕ ಕಾಣುತ್ತದೆ. ಮೋಟಾರು ಹೊರಟಾಗ ಲೆಕ್ಕದ ಪೆಟ್ಟಿಗೆಯ ದೀಪ ಡಿಮ್ ಆಗುವುದಿಲ್ಲ. ನಿರಂತರ ಜ್ಯೋತಿಯ ಬೇರೆ ಲೈನಿನ ಹಾಗೆ.

2024ರ ಅಕ್ಟೋಬರಿನಲ್ಲಿ ಹರಿಯಾಣದ ಮತ ಎಣಿಕೆಯ ನಂತರ ಈ ಬ್ಯಾಟರಿ ಸುದ್ದಿಯಾಯಿತು. ದಿನವಿಡೀ ನಡೆದ ಯಂತ್ರವೂ ಶೇಕಡ 99 ಚಾರ್ಜು ತೋರಿಸುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ರಾಜಕೀಯದ ಮಾತು ಬದಿಗಿರಲಿ, ಚುನಾವಣಾ ಆಯೋಗ ಕೊಟ್ಟ ವಿವರಣೆ ಮೆಮೊರಿಯ ವಿದ್ಯಾರ್ಥಿಗೆ ಒಳ್ಳೆಯ ಪಾಠ. ಹೊಸ ಬ್ಯಾಟರಿ 7.5ರಿಂದ 8 ವೋಲ್ಟಿನ ನಡುವೆ ಇರುತ್ತದೆ. 7.4ಕ್ಕಿಂತ ಮೇಲಿರುವವರೆಗೂ ಪರದೆಯಲ್ಲಿ 99 ಎಂದೇ ಕಾಣುತ್ತದೆ, ಅದರ ಕೆಳಗೆ ಇಳಿದ ಮೇಲೆ 98ರಿಂದ ಇಳಿಯುತ್ತಾ ಬರುತ್ತದೆ. 5.8 ವೋಲ್ಟಿಗೆ, ಅಂದರೆ ಇನ್ನೂ ಶೇಕಡ 10 ಉಳಿದಿದೆ ಎನ್ನುವಾಗಲೇ, ಬ್ಯಾಟರಿ ಬದಲಿಸಿ ಎಂದು ಹೇಳುತ್ತದೆ. ಮೊಬೈಲಿನ ಹಾಗೆ ಕೊನೆಯ ಹನಿಯವರೆಗೆ ಹೀರುವ ಯಂತ್ರ ಅಲ್ಲ ಇದು. ಮೈಯಲ್ಲಿ ಇನ್ನೂ ಕಸುವಿರುವಾಗಲೇ ಈಜು ನಿಲ್ಲಿಸಿ ದಡ ಹತ್ತುವ ಪೈಕಿ. ಒಮ್ಮೆ ಬರೆದ ಮತ ಬ್ಯಾಟರಿ ತೆಗೆದರೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮೆಮೊರಿಯಲ್ಲಿ ಉಳಿಯುತ್ತದೆ ಎಂದು ಆಯೋಗ ಹೇಳುತ್ತದೆ. ಉಳಿಯುವುದಕ್ಕೆ ಕರೆಂಟು ಬೇಡ. ಬರೆಯುವ ಆ ಕೆಲವು ಮಿಲಿಸೆಕೆಂಡಿಗೆ ಮಾತ್ರ ಬೇಕು, ಆಗ ಹದವಾಗಿ ಬೇಕು.

ಹಿಂಬದಿಯ ಸ್ವಿಚ್ಚು

ಮನೆಯ ಮಟ್ಟಕ್ಕೆ ಇಳಿಯೋಣ. ಸ್ಟೆಬಿಲೈಜರಿನಿಂದ ಮೆಮೊರಿ ಉಳಿಯುತ್ತದೆ ಎಂದು ಹಲವರ ನಂಬಿಕೆ. ಅದು ಫ್ರಿಜ್ಜಿನ ಮೋಟಾರಿಗೆ ಒಳ್ಳೆಯದು. ಒಳಗಿನ ರಿಲೇ ಟಕ್ ಟಕ್ ಎಂದು ಗೇರು ಬದಲಿಸುವಷ್ಟರಲ್ಲಿ ಎಲೆಕ್ಟ್ರಾನಿಕ್ ಯಂತ್ರದ ಕೆರೆ ಬತ್ತಿರಬಹುದು, ಮತ್ತು ಕರೆಂಟು ಹೋದರೆ ಅದರ ಬಳಿ ಕೊಡಲು ಏನೂ ಇಲ್ಲ. ಈಗಿನ ಒಳ್ಳೆಯ ಅಡಾಪ್ಟರುಗಳು 100ರಿಂದ 240 ವೋಲ್ಟಿನವರೆಗೆ ತಾವೇ ನಿಭಾಯಿಸುತ್ತವೆ. ವೈಫೈ ಪೆಟ್ಟಿಗೆ, ಸೆಟ್‌ಟಾಪ್ ಬಾಕ್ಸಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ದುಡ್ಡು ಹಾಕುವುದಿದ್ದರೆ ಅದಕ್ಕೆ ಹಾಕಿ.

ಇನ್‌ವರ್ಟರ್ ಇದ್ದವರು ಅದರ ಹಿಂಬದಿ ನೋಡಿದ್ದೀರಾ? ಹಲವು ಮಾದರಿಗಳಲ್ಲಿ 'ಯುಪಿಎಸ್' ಮತ್ತು 'ನಾರ್ಮಲ್' ಎಂದು ಒಂದು ಸಣ್ಣ ಸ್ವಿಚ್ಚಿರುತ್ತದೆ. ಯುಪಿಎಸ್ ಕಡೆ ಇಟ್ಟರೆ ಕಂಪ್ಯೂಟರು ಆರದಷ್ಟು ಬೇಗ ಬ್ಯಾಟರಿಗೆ ಹಾರುತ್ತದೆ, ಆದರೆ ವೋಲ್ಟೇಜು ಸ್ವಲ್ಪ ಇಳಿದರೂ ಗೋಡೆಯ ಕರೆಂಟನ್ನು ಒಲ್ಲೆ ಎನ್ನುತ್ತದೆ. ಲೈನಿನ ಬಾಲದ ಮನೆಗಳಲ್ಲಿ ಅದು ದಿನವಿಡೀ ಮುನಿಸಿಕೊಂಡು ಬ್ಯಾಟರಿ ಖಾಲಿ ಮಾಡಿ ಕೂರುತ್ತದೆ. ಆದ್ದರಿಂದ ನಮ್ಮ ಕಡೆ ಅಂಗಡಿಯವರೇ ನಾರ್ಮಲ್‌ಗೆ ತಿರುಗಿಸಿ ಕೊಡುತ್ತಾರೆ. ಫ್ಯಾನು ತಿರುಗುತ್ತದೆ, ಕಂಪ್ಯೂಟರು ಆರುತ್ತದೆ. ನಗರದಲ್ಲಿ ಕೂತು ವಿನ್ಯಾಸ ಮಾಡಿದವರಿಗೆ 170 ವೋಲ್ಟಿನ ಸಂಜೆ ಗೊತ್ತಿರಲಿಲ್ಲವೋ ಏನೋ.

ಕಂಪ್ಯೂಟರು ಹಚ್ಚಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗಿರುತ್ತದೆ ಎಂಬ ದೂರಿಗೆ ಕಾರಣ ಕರೆಂಟಲ್ಲ. ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂಥ 3 ವೋಲ್ಟಿನ ಶೆಲ್ಲು, ಸಿಆರ್2032. ಅದು ಮುಗಿದಿರುತ್ತದೆ, ಬದಲಿಸಿದರಾಯಿತು. ಪೆನ್‌ಡ್ರೈವಿನ ದೀಪ ಮಿನುಗುತ್ತಿರುವಾಗ ಕೀಳಬಾರದು ಎನ್ನುವುದರ ಕಾರಣ ಈಗ ಹೇಳಬೇಕಾಗಿಲ್ಲ. ಯುಗಾದಿಯ ನಂತರದ ಗುಡುಗು ಮಳೆಗೆ ಮಾತ್ರ ಇದ್ಯಾವುದೂ ತಡೆಯಲ್ಲ, ಅಜ್ಜಿಯರು ಹೇಳುವ ಹಾಗೆ ಪ್ಲಗ್ಗು ಕಿತ್ತಿಡುವುದೇ ಸರಿ.

ಅಂಗಡಿಗೆ ವಾಪಸು ಬರೋಣ. ಹುಡುಗ ಬಾಕ್ಸಿನ ಬೋರ್ಡು ಬಿಚ್ಚಿ, ಎಂಟು ಕಾಲಿನ ಫ್ಲ್ಯಾಶ್ ಚಿಪ್ಪಿಗೆ ಬಟ್ಟೆಕ್ಲಿಪ್ಪಿನಂಥದ್ದೊಂದನ್ನು ಕಚ್ಚಿಸಿದ. ಅದರ ಇನ್ನೊಂದು ತುದಿ ಲ್ಯಾಪ್‌ಟಾಪಿಗೆ. ಅಷ್ಟು ಮಾಡಿದವನು ಲ್ಯಾಪ್‌ಟಾಪಿನ ಚಾರ್ಜರನ್ನು ಗೋಡೆಯಿಂದ ಕಿತ್ತ. ಬ್ಯಾಟರಿ 62 ಇತ್ತು.

"ಯಾಕೆ ತಮ್ಮಾ, ಇರೋ ಕರೆಂಟನ್ನೂ ತೆಗೆದೆ?" ಅಂದರು ಆ ಅಕ್ಕ.

"ಇರಲಿ ಅಕ್ಕಾ, ಥ್ರೀ ಫೇಸ್ ಬರೋ ಹೊತ್ತು."

ಪರದೆಯಲ್ಲಿ ಹಸಿರು ಪಟ್ಟಿ ತೆವಳತೊಡಗಿತು. ಮುಕ್ಕಾಲು ದಾಟುವಷ್ಟರಲ್ಲಿ ಅಂಗಡಿಯ ಟ್ಯೂಬ್‌ಲೈಟು ಒಮ್ಮೆ ಕೆಂಪಾಗಿ, ಮಿಡುಕಿ, ಮತ್ತೆ ಬೆಳಗಿತು. ದೂರದಲ್ಲೆಲ್ಲೋ ಮೋಟಾರು ಗುಂಯ್ಗುಟ್ಟಿತು. ಹಸಿರು ಪಟ್ಟಿಗೆ ಅದರ ಸುದ್ದಿಯೇ ಇರಲಿಲ್ಲ.